ಬ್ರೆಡ್ ಗಾಡಿಯಲ್ಲಿ ಬಟಾಣಿ

ಜೂನ್ ೧೪, ಭಾನುವಾರ

ಅಕ್ಕಾ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಲು ಕೈ ಬರುತ್ತಿಲ್ಲ, ಆ ಸಾಲನ್ನು ಬಿಟ್ಟಿದ್ದೇನೆ. ಬೇಕರಿಯ ಶಟರಿನ ಸಂದಿಯಿಂದ ನೀನು ತೂರಿಸಿ ಹೋದ ಪತ್ರ ಸಿಕ್ಕಿ ಬಹಳ ದಿನವಾಯಿತು. ಉತ್ತರ ತಡವಾಯಿತು, ಕ್ಷಮಿಸು. ಎರಡು ಬೀದಿ ಆಚೆಗಿರುವ ಅಕ್ಕನಿಗೆ ಪತ್ರ ಬರೆಯುವ ಗತಿ ಬಂತಲ್ಲ ಎಂದು ಇವರು ನಗುತ್ತಾರೆ. ಫೋನ್ ಮಾಡಿದರೆ ನೀನು ಅಳುತ್ತೀಯ. ನೀನು ಅತ್ತರೆ ನಾನು ಸಮಾಧಾನ ಹೇಳುತ್ತೇನೆ, ಚಿಕ್ಕಂದಿನಿಂದ ಅದೇ ಅಭ್ಯಾಸ. ಈ ಸಲ ನಿನಗೆ ಸಮಾಧಾನ ಹೇಳುವ ಮನಸ್ಸು ನನಗಿಲ್ಲ.

ಬಟಾಣಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಮಗಳ ಕೆನ್ನೆ ಸ್ವಲ್ಪ ತುಂಬಿಕೊಂಡಿದೆ. ಪ್ರತಿ ಊಟಕ್ಕೂ ಮುಂಚೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಬೇಕು, ಆಮೇಲೆ ಹೊಟ್ಟೆಗೋ ತೊಡೆಗೋ ಇನ್ಸುಲಿನ್ ಚುಚ್ಚಬೇಕು. ಸೂಜಿ ಹಿಡಿದು ನಾನು ಹಿಂದೆಮುಂದೆ ನೋಡುತ್ತೇನೆ, ಎಂಟು ವರ್ಷದ ಅವಳೇ ನನಗೆ ಧೈರ್ಯ ಹೇಳುತ್ತಾಳೆ. ಹಿಟ್ಟು ತೂಗುವ ತಕ್ಕಡಿಯಲ್ಲಿ ಇವರು ಅವಳ ಪಾಲಿನ ಬ್ರೆಡ್ ತೂಗಿ ಕೊಡುತ್ತಾರೆ. ಅಪ್ಪ ನನ್ನನ್ನೂ ಗಿರಾಕಿ ಮಾಡಿಬಿಟ್ಟರು ಎಂದು ರೇಗಿಸುತ್ತಾಳೆ. ಇದು ಇನ್ನು ಜೀವನಪೂರ್ತಿ.

ನೀನೇನು ಬರೆದಿದ್ದೀಯ? ಬೇಕರಿ ಮನೆ, ಮಗುವಿನ ಬಾಯಿಗೆ ಮೊದಲೇ ಕಡಿವಾಣ ಹಾಕಬೇಕಿತ್ತು ಅಂತ. ಓದಿ ಮೈಯೆಲ್ಲ ಉರಿದುಹೋಯಿತು. ನಾನೂ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನನ್ನು ಇದನ್ನೇ ಕೇಳಿದ್ದೆ, ನಮ್ಮ ಅಂಗಡಿಯ ಕೇಕೇ ಅವಳನ್ನು ಹೀಗೆ ಮಾಡಿತಾ ಎಂದು. "ಸಿಹಿ ತಿಂದು ಬರೋ ಕಾಯಿಲೆ ಅಲ್ಲಮ್ಮ ಇದು. ಅವಳ ಮೈಯೇ ಇನ್ಸುಲಿನ್ ಮಾಡೋದನ್ನ ನಿಲ್ಲಿಸಿಬಿಟ್ಟಿದೆ. ಇದ್ರಲ್ಲಿ ಯಾರ ತಪ್ಪೂ ಇಲ್ಲ" ಅಂದರು. ಪರರು ಅಷ್ಟು ಹೇಳಿದರು. ಸ್ವಂತ ಅಕ್ಕ ಗಾಯಕ್ಕೆ ಉಪ್ಪು ಸವರಿದಳು.

ನಡೆದದ್ದು ಕೇಳು. ಆ ಹುಡುಗಿ ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಯಾರು ಕುಡಿಯುವುದಿಲ್ಲ? ಬೆಳಗಾದರೆ ಒಲೆಯ ಕಾವಿನಲ್ಲಿ ಬೇಯುವ ಜನ ನಾವು. ಅಷ್ಟರಲ್ಲಿ ಆ ಹಾಳು ವೈರಸ್ ಮನೆ ಹೊಕ್ಕಿತು. ಇವರ ಮೂಗು ಗೊತ್ತಲ್ಲ, ಒಲೆಯ ಬಾಗಿಲು ತೆಗೆಯದೆ ಬ್ರೆಡ್ ಬೆಂದಿದೆಯೋ ಇಲ್ಲವೋ ಹೇಳುವ ಮೂಗು. ಮೊದಲು ಅದು ಹೋಯಿತು, ಹಿಂದೆಯೇ ನನ್ನದೂ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ, ಮಗುವಿನ ಉಸಿರು ಕೊಳೆತ ಹಣ್ಣಿನ ಹಾಗೆ ನಾರುತ್ತಿರಲಿಲ್ಲವೇ ಎಂದು. ಈ ಕಾಯಿಲೆ ಏರಿದ್ದಕ್ಕೆ ಅದೇ ಗುರುತಂತೆ. ವಾಸನೆಯಿಂದಲೇ ಹೊಟ್ಟೆ ಹೊರೆಯುವ ಮನೆಯಲ್ಲಿ ಆ ವಾಸನೆ ಯಾರಿಗೂ ತಿಳಿಯಲಿಲ್ಲ.

ಅವಳು ವಾಂತಿ ಮಾಡಿಕೊಂಡು, ಮಲಗಿದ್ದಲ್ಲೇ ಓಡುತ್ತಿರುವವಳ ಹಾಗೆ ಏದುಸಿರು ಬಿಡತೊಡಗಿದಾಗ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದೆವು. ಆ ಮಹಾಶಯ ಪ್ಲಾಸ್ಟಿಕ್ ಪರದೆಯ ಆಚೆಯಿಂದಲೇ ನೋಡಿದ. ಕೈ ಮುಟ್ಟಲಿಲ್ಲ, ಒಂದು ಹನಿ ರಕ್ತ ನೋಡಲಿಲ್ಲ. ಮನೆಮಂದಿಗೆಲ್ಲ ಬಂದಿರುವುದೇ ಇವಳಿಗೂ ಬಂದಿದೆ, ಚೆನ್ನಾಗಿ ಹಣ್ಣಿನ ರಸ ಕುಡಿಸಿ ಅಂದ. ಕುಡಿಸಿದೆ ಅಕ್ಕಾ. ಬೇಡ ಬೇಡ ಅಂದರೂ ಬಾಯಿ ಬಿಡಿಸಿ ಕುಡಿಸಿದೆ. ಅವನ ಬೋರ್ಡು ಕಂಡರೆ ಇವತ್ತಿಗೂ ಕಲ್ಲು ಎತ್ತಿಕೊಳ್ಳೋಣ ಅನ್ನಿಸುತ್ತದೆ.

ಮಾರನೆಯ ದಿನ ಕರೆದರೆ ಕಣ್ಣು ಬಿಡುವುದೂ ಕಷ್ಟವಾಯಿತು. ಆಂಬುಲೆನ್ಸಿನವರು ಗಾಡಿ ಖಾಲಿ ಇಲ್ಲ ಅಂದರು. ನಿನ್ನ ಮನೆಗೆ ಬಂದೆವು, ಬಾಗಿಲಲ್ಲೇ ಕಾರು ನಿಂತಿತ್ತು. ನೀನು ಮಹಡಿಯ ಕಿಟಕಿಯಲ್ಲಿ ಕಂಡೆ. ನಾನು ಮಗುವನ್ನು ಎತ್ತಿ ತೋರಿಸಿದೆ. ನೀನು ಗಾಜಿನ ಹಿಂದಿನಿಂದ 'ಹೋಗಿ, ಹೋಗಿ' ಎಂದು ಕೈಯಾಡಿಸಿದೆ. ಪರದೆ ಎಳೆದೆ.

ಭಾವನಿಗೆ ಉಬ್ಬಸ ಇದೆ, ನಮ್ಮಿಂದ ಅವರಿಗೆ ಅಂಟುತ್ತದೆಂದು ಹೆದರಿದೆ ಅಂತ ಬರೆದಿದ್ದೀಯ. ಭಾವನ ಉಬ್ಬಸ ನನಗೆ ಗೊತ್ತಿಲ್ಲವೇ? ಒಳಗೆ ಕರೆ ಎಂದು ಯಾರು ಕೇಳಿದರು? ಕಾರಿನ ಕೀ ಕಿಟಕಿಯಿಂದ ಕೆಳಕ್ಕೆ ಎಸೆದಿದ್ದರೆ ಸಾಕಿತ್ತು. ಇವರೇ ಓಡಿಸುತ್ತಿದ್ದರು.

ಕೊನೆಗೆ ಬೇಕರಿಗೆ ವಾಪಸು ಓಡಿ, ಬ್ರೆಡ್ ಮಾರುವ ತಳ್ಳುಗಾಡಿಯ ಟ್ರೇಗಳನ್ನು ಬೀದಿಗೆ ಎಸೆದು ಅವಳನ್ನು ಅದರಲ್ಲಿ ಮಲಗಿಸಿದೆವು. ಜ್ವರದ ಮೈಯಲ್ಲಿ ಇವರು ಏದುತ್ತ ತಳ್ಳಿದರು, ನಾನು ತಲೆ ಅಲ್ಲಾಡದಂತೆ ಹಿಡಿದು ಪಕ್ಕದಲ್ಲಿ ಓಡಿದೆ. ಗಾಡಿ ಕಂಡು ಯಾರೋ ಬನ್ ಇದೆಯಾ ಎಂದು ಕೇಳಿದರು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದಾಗ ಯಂತ್ರಕ್ಕೆ ಅಂಕಿಯೇ ಸಾಲಲಿಲ್ಲ, ಬರೀ 'ಹೈ' ಎಂದು ತೋರಿಸಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಆ ಸ್ವಲ್ಪದಲ್ಲಿ ನಿನ್ನ ಬಾಗಿಲಲ್ಲಿ ನಿಂತದ್ದೂ ಸೇರಿದೆ. ಇದು ನಿನಗೆ ಚುಚ್ಚಲಿ ಎಂದೇ ಬರೆಯುತ್ತಿದ್ದೇನೆ.

ಮಗುವನ್ನು ನೋಡಲು ಬರಲಾ ಎಂದು ಕೇಳಿದ್ದೀಯ. ಇವರು ಬರಲಿ ಬಿಡು ಅನ್ನುತ್ತಾರೆ. ಹಿಟ್ಟು ನಾದುವವರಿಗೆ ತಾಳ್ಮೆ ಜಾಸ್ತಿ. ನನಗೆ ಅಷ್ಟಿಲ್ಲ.

ಭಾವನ ಆರೋಗ್ಯ ಜೋಪಾನ. ಈ ಒಂದು ಮಾತನ್ನು ಸಿಟ್ಟಿನಿಂದ ಬರೆದಿಲ್ಲ, ಅವರು ನೂರ್ಕಾಲ ಬಾಳಲಿ. ನಿನ್ನ ಮಗನಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನ ತಂಗಿ

ವಿ.ಸೂ.: ಆ ದಿನ ದೊಡ್ಡಮ್ಮ ಮನೆಯಲ್ಲಿರಲಿಲ್ಲ ಎಂದು ಬಟಾಣಿಗೆ ಸುಳ್ಳು ಹೇಳಿದ್ದೆ. ಅವಳಿಗೆ ಎಚ್ಚರವಿರಲಿಲ್ಲ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಇನ್ಸುಲಿನ್ ಹಾಕುವಾಗ ಅಂದಳು: "ಇದ್ರಮ್ಮ. ಕಿಟಕೀಲಿ ನಿಂತು ನನಗೆ ಟಾಟಾ ಮಾಡಿದ್ರು. ನನಗೆ ಕೈ ಎತ್ತೋಕೇ ಆಗ್ಲಿಲ್ಲ. ಅದಕ್ಕೇ ಕೋಪ ಮಾಡ್ಕೊಂಡು ದೊಡ್ಡಮ್ಮ ಬರ್ತಿಲ್ವಾ?" ಬರುವುದಾದರೆ, ಅವಳಿಗೆ ಏನು ಹೇಳುತ್ತೀಯ ಎಂದು ಯೋಚಿಸಿಕೊಂಡು ಬಾ.