ಹಾಳೆಯ ಹಿಂಬದಿಯನ್ನು ಓದದ ನಿರ್ದೇಶಕರಿಗೆ

ಮಕ್ಕಳ ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಮಕ್ಕಳ ಆಪ್ತಸಮಾಲೋಚನೆಗೆಂದು ಇದ್ದ ಕೊಠಡಿಗೆ ನೀವು ಬೀಗ ಹಾಕಿಸಿದ್ದೀರಿ. ಅದಕ್ಕೆ ನಿಮ್ಮ ಆದೇಶದಲ್ಲಿ ಕೊಟ್ಟಿರುವ ಕಾರಣ ನಾನು ಬರೆದುಕೊಟ್ಟ ಒಂದು ಹಾಳೆ. ಆ ಹಾಳೆಯನ್ನು ನೀವು ಅರ್ಧ ಮಾತ್ರ ಓದಿದ್ದೀರಿ. ಉಳಿದರ್ಧವನ್ನೂ ದಯಮಾಡಿ ಓದಿ ಎಂದು ಕೇಳಿಕೊಳ್ಳಲು ಏಳು ಸಲ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದೆ. ತಮ್ಮ ದರ್ಶನಭಾಗ್ಯ ಲಭಿಸಲಿಲ್ಲ. ಆದ್ದರಿಂದ ಊರೆಲ್ಲ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಊರಿನವರ ಜೊತೆಗೆ ತಾವೂ ಓದಬಹುದು.

ನಾನು ಯಾರೆಂದು ನಿಮಗೆ ತಿಳಿಯದಿದ್ದರೂ ನಿಮ್ಮ ಕಾರಿಗೆ ತಿಳಿದಿದೆ, ದಿನವೂ ನನ್ನ ಮೇಜಿಗೆ ಧೂಳು ಎರಚಿಯೇ ಅದು ಒಳಗೆ ಹೋಗುತ್ತದೆ. ಗೇಟಿನ ಎಡಗಡೆ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ, ಒಂದು ಟೈಪ್‌ರೈಟರ್ ಮತ್ತು ಗಿರಾಕಿಗಳಿಗೊಂದು ಸ್ಟೂಲು ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಅರ್ಜಿ ಬರೆದುಕೊಡುವುದು ನನ್ನ ಕಸುಬು. ಈ ಕಸುಬಿಗೂ ಒಂದು ಪದ್ಧತಿ ಇದೆ: ಮೊದಲು ಕಷ್ಟ, ಕೊನೆಗೆ ಕೋರಿಕೆ. ಕಷ್ಟವನ್ನು ಇದ್ದಷ್ಟೇ ಬರೆದರೆ ನಿಮ್ಮ ಸಿಬ್ಬಂದಿ ಕತ್ತೆತ್ತಿಯೂ ನೋಡುವುದಿಲ್ಲ. ಮಾಳಿಗೆ ಸೋರುತ್ತಿದೆ ಎಂದರೆ ಅರ್ಜಿ ಕಪಾಟು ಸೇರುತ್ತದೆ. ಯಾವ ಕ್ಷಣದಲ್ಲಾದರೂ ಮಾಳಿಗೆ ಕುಸಿದು ಪ್ರಾಣಹಾನಿಯಾಗುವ ಭೀತಿ ಇದೆ ಎಂದರೆ ಕನಿಷ್ಠ ಒಂದು ಮೊಹರನ್ನಾದರೂ ಕಾಣುತ್ತದೆ. ಈ ವಿದ್ಯೆಯನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ತಿರಸ್ಕೃತವಾಗಿ ಬಂದ ಅರ್ಜಿಗಳನ್ನು ಮತ್ತೆ ಮತ್ತೆ ಬರೆಯುತ್ತ ನಿಮ್ಮ ಗೇಟಿನಲ್ಲೇ ಕಲಿತೆ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಅವಳಿಗೆ ಹನ್ನೆರಡು ವರ್ಷ. ಹತ್ತಿರಹತ್ತಿರ ಎರಡು ವರ್ಷದ ಹಿಂದೆ ಅವಳ ತಾಯಿ ತೀರಿಕೊಂಡಳು. ಅಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಅಕ್ಕ ಮಗುವನ್ನು ಮಡಿಲಿಗೆಳೆದುಕೊಂಡು, "ನೀನು ಅಳಬಾರದು ಕಂದಾ. ನೀನು ಅತ್ತರೆ ಅಪ್ಪ ಕುಸಿದುಹೋಗ್ತಾನೆ" ಎಂದಳು. ಅಕ್ಕ ಕೆಟ್ಟವಳಲ್ಲ, ಬಾಯಿಗೆ ಬಂದ ಸಮಾಧಾನ ಹೇಳಿದಳು ಅಷ್ಟೆ. ಮಗು ಮಾತ್ರ ಅದನ್ನು ಚಾಚೂ ತಪ್ಪದೆ ಪಾಲಿಸಿತು. ಹದಿನಾರು ತಿಂಗಳು ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಒಂದು ಗಡುಸು ಮಾತಿಲ್ಲ, ಇದು ಬೇಡ ಅದು ಬೇಕು ಎಂಬುದಿಲ್ಲ. ಬಂದವರೆಲ್ಲ "ಎಷ್ಟು ಜಾಣೆ, ಎಷ್ಟು ತಿಳಿವಳಿಕೆ" ಎಂದು ಬೆನ್ನು ತಟ್ಟಿ ಹೋದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ. ಅವಳ ಬಲಗಡೆಯ ಹುಬ್ಬು ಅರ್ಧ ಇಲ್ಲವಾಗಿರುವುದು ನನ್ನ ಕಣ್ಣಿಗೆ ಬೀಳಲು ತಿಂಗಳುಗಳೇ ಬೇಕಾದವು. ಓದುತ್ತ ಕೂತಾಗ ಒಂದೊಂದೇ ಕೂದಲನ್ನು ಕಿತ್ತು ಪುಸ್ತಕದ ನಡುವೆ ಇಡುತ್ತಿದ್ದಳು.

ಕೊನೆಗೆ ಅವಳ ತರಗತಿಯ ಟೀಚರ್ ನನ್ನನ್ನು ಕರೆಸಿದರು. ಮಗಳ ನೋಟ್‌ಬುಕ್ಕನ್ನು ಮುಂದಿಟ್ಟು ಒಂದು ಪುಟವನ್ನು ಬೆಳಕಿಗೆ ಹಿಡಿದರು. ಪೆನ್ನು ಒತ್ತಿ ಒತ್ತಿ ಹಾಳೆ ಅಲ್ಲಲ್ಲಿ ತೂತುಬಿದ್ದಿತ್ತು. "ಇವಳು ನನ್ನ ತರಗತಿಯಲ್ಲಿ ಯಾರಿಗೂ ಏನೂ ತೊಂದರೆ ಕೊಡೋದಿಲ್ಲ. ಅದಕ್ಕೇ ನನಗೆ ಭಯ ಆಗ್ತಿದೆ" ಎಂದರು. ನಿಮ್ಮ ಕಟ್ಟಡದಲ್ಲೇ ಇಂಥ ಮಕ್ಕಳಿಗೊಂದು ಕೊಠಡಿ ಇದೆ ಎಂದು ಹೇಳಿದವರೂ ಅವರೇ. ಇಪ್ಪತ್ತೆರಡು ವರ್ಷ ಗೇಟಿನಲ್ಲಿ ಕೂತವನಿಗೆ ಮೂರನೆಯ ಮಹಡಿಯ ಸುದ್ದಿ ಗೊತ್ತಿರಲಿಲ್ಲ.

ತಾವು ಆ ಕೊಠಡಿಯನ್ನು ಎಂದಾದರೂ ನೋಡಿದ್ದೀರಾ? ನೆಲಕ್ಕೆ ಚಾಪೆ, ಕಿಟಕಿಯ ಕೆಳಗೆ ಮಣ್ಣಿನ ಮುದ್ದೆ ತುಂಬಿದ ಬಕೆಟ್ಟು, ಗೋಡೆಗೆ ಜ್ವರ ನೋಡುವ ಕಡ್ಡಿಯ ದೊಡ್ಡ ಚಿತ್ರ. ಅದರಲ್ಲಿ ಸೊನ್ನೆಯಿಂದ ಹತ್ತರವರೆಗೆ ಗುರುತು. ಈಗ ನಿನ್ನ ಸಿಟ್ಟು ಎಷ್ಟರಲ್ಲಿದೆ, ಭಯ ಎಷ್ಟರಲ್ಲಿದೆ ಎಂದು ಕೇಳಿದರೆ ಮಕ್ಕಳು ಹೋಗಿ ಬೆರಳಿಟ್ಟು ತೋರಿಸಬೇಕು. ಮಾತು ಹೊರಡದ ಮಗುವಿಗೆ ಬೆರಳಾದರೂ ಆಡುತ್ತದಲ್ಲ. ಅಲ್ಲಿದ್ದ ಸಮಾಲೋಚಕಿ ಸಣ್ಣ ಧ್ವನಿಯ ಹೆಂಗಸು, ಮಕ್ಕಳ ಬಾಯಲ್ಲಿ ಅವರು "ಚಾಪೆ ಆಂಟಿ". ಬಣ್ಣ ಬಳಿಯಲು ಮಗುವನ್ನು ಇಷ್ಟು ಮೆಟ್ಟಿಲು ಹತ್ತಿಸಬೇಕೇ ಎಂದು ಮೊದಮೊದಲು ನಾನೂ ಮೂಗು ಮುರಿದೆ. ಮೂರನೆಯ ವಾರ ಅವರು ಉದ್ದದ ಕಾಗದ ಹಾಸಿ, ಮಗಳನ್ನು ಅದರ ಮೇಲೆ ಮಲಗಿಸಿ, ಮೈಯ ಸುತ್ತ ಗೆರೆ ಎಳೆದು, ಎಲ್ಲಿ ಏನು ಅನ್ನಿಸುತ್ತದೋ ಅಲ್ಲಿ ಬಣ್ಣ ಹಚ್ಚು ಎಂದರು. ಅವಳು ಮೈಯೆಲ್ಲ ಖಾಲಿ ಬಿಟ್ಟು ಗಂಟಲಿನ ಜಾಗಕ್ಕೆ ಮಾತ್ರ ಕಪ್ಪು ಉಜ್ಜಿದಳು, ಕ್ರೇಯಾನ್ ತುಂಡಾಗುವವರೆಗೆ ಉಜ್ಜಿದಳು. ಚಾಪೆ ಆಂಟಿ ಏಕೆ ಎಂದು ಕೇಳಲಿಲ್ಲ. ಇನ್ನೊಂದು ಕಪ್ಪು ಕ್ರೇಯಾನ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತರು. ಬಾಗಿಲ ಹೊರಗಿನ ಬೆಂಚಿನಿಂದ ಅದನ್ನು ನೋಡಿದ ಮೇಲೆ ನಾನು ಮೂಗು ಮುರಿಯುವುದನ್ನು ಬಿಟ್ಟೆ.

ಎಂಟನೆಯ ವಾರದ ಒಂದು ಬೆಳಿಗ್ಗೆ ನಾನು ಎಂದಿನಂತೆ, "ಬೇಗ ಶೂ ಹಾಕ್ಕೋ, ಪರೀಕ್ಷೆಗೆ ತಡ ಆಗುತ್ತೆ" ಎಂದೆ. ಶೂ ಗೋಡೆಗೆ ಹೋಗಿ ಬಡಿಯಿತು.

"ಅವತ್ತೂ ಪರೀಕ್ಷೆ ಅಂತಾನೇ ಕಳಿಸಿದ್ದೆ" ಎಂದಳು. "ಅಮ್ಮ ಉಳಿಯೋದಿಲ್ಲ ಅಂತ ನಿನಗೆ ಬೆಳಿಗ್ಗೇನೇ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ. ನಾನು ಅಲ್ಲಿ ಭಾಗಾಕಾರ ಮಾಡ್ತಾ ಕೂತಿದ್ದೆ ಅಪ್ಪ."

ಅವಳು ಹೇಳಿದ್ದು ನಿಜ, ನಿರ್ದೇಶಕರೇ. ಅಂದು ಬೆಳಿಗ್ಗೆ ಆರಕ್ಕೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಮಗುವಿನ ಪರೀಕ್ಷೆಯಾದರೂ ಉಳಿಯಲಿ ಎಂದುಕೊಂಡು ಅವಳ ಕೈಗೆ ಚೀಲ ಕೊಟ್ಟು ಕಳಿಸಿದವನು ನಾನು. ಇದನ್ನು ಅವಳು ಎಲ್ಲಿಂದಲೋ ಕೇಳಿಸಿಕೊಂಡು ಹದಿನಾರು ತಿಂಗಳು ಗಂಟಲಲ್ಲಿ ಇಟ್ಟುಕೊಂಡಿದ್ದಳು. ಆ ವಾರ ಒಂಬತ್ತು ಸಲ ಕೂಗಾಡಿದಳು. ಕದ ಒದ್ದಳು, ನೀರಿನ ಲೋಟ ಎಸೆದಳು, ಅಕ್ಕನಿಗೆ "ನೀವೇ ನನ್ನ ಬಾಯಿ ಮುಚ್ಚಿಸಿದ್ದು" ಎಂದಳು. ಮತ್ತು ಕೊನೆಗೂ ಅತ್ತಳು. ನಾನು ಕಂಗಾಲಾಗಿ ಚಾಪೆ ಆಂಟಿಯ ಹತ್ತಿರ ಓಡಿದೆ. ಅವರು ಎಲ್ಲ ಕೇಳಿಸಿಕೊಂಡು ನಕ್ಕರು. "ಇದು ಒಳ್ಳೆ ಸುದ್ದಿ, ಸಾರ್. ಒಳಗಿರೋದನ್ನ ಹೊರಗೆ ಹಾಕೋದು ಮೊದಲನೇ ಪಾಠ. ಹೊರಗೆ ಬಂದ ಸಿಟ್ಟನ್ನ ಯಾರಿಗೂ ಪೆಟ್ಟಾಗದ ಹಾಗೆ ಹಿಡಿಯೋದು ಎರಡನೇ ಪಾಠ. ಉಸಿರು ಬಿಡೋದು, ಎದ್ದು ಆಚೆ ಹೋಗೋದು, ಶೂ ಎಸೆಯೋ ಬದಲು 'ನನಗೆ ಸಿಟ್ಟು ಬಂದಿದೆ' ಅಂತ ಬಾಯಿಬಿಟ್ಟು ಹೇಳೋದು, ಎಲ್ಲಾ ಕಲಿಸ್ತೀನಿ. ಸ್ವಲ್ಪ ಕಾಲ ಬೇಕು. ವಾರಕ್ಕೆ ಒಂದರ ಬದಲು ಎರಡು ಸಲ ಕರ್ಕೊಂಡು ಬನ್ನಿ" ಎಂದರು. ಎರಡು ಸಲ ಕರೆತರಬೇಕಾದರೆ ತಮ್ಮ ಅನುಮತಿ ಬೇಕು. ಅನುಮತಿಗೆ ಪೋಷಕರ ಅಭಿಪ್ರಾಯ ನಮೂನೆ ತುಂಬಬೇಕು.

ನಮೂನೆ! ನನ್ನ ಕ್ಷೇತ್ರ. ಅಲ್ಲಿ ತಮ್ಮ ಪ್ರಶ್ನೆಗಳು ಹೀಗಿದ್ದವು. ಸೇವೆಗೆ ಮುನ್ನ ಮಗುವಿನ ಅಶಿಸ್ತಿನ ವರ್ತನೆ ವಾರಕ್ಕೆ ಎಷ್ಟು ಬಾರಿ? ಸೊನ್ನೆ ಎಂದು ಬರೆದೆ. ಸೇವೆಯ ನಂತರ? ಒಂಬತ್ತು. ವಿವರಿಸಿ ಎಂದಿತ್ತು. ಕಸುಬಿನ ಕೈ ತಾನೇ ಓಡಿತು: "ಈ ಮೊದಲು ಅತ್ಯಂತ ವಿಧೇಯಳೂ ಶಾಂತಸ್ವಭಾವದವಳೂ ಆಗಿದ್ದ ಸದರಿ ಬಾಲಕಿಯು ಇದೀಗ ಹಿಂಸಾತ್ಮಕ ವರ್ತನೆಗೆ ಇಳಿದಿದ್ದು, ಗೃಹದ ನೆಮ್ಮದಿ ಸಂಪೂರ್ಣ ಭಗ್ನಗೊಂಡಿರುತ್ತದೆ." ಮುಂಬದಿ ಅಲ್ಲಿಗೆ ತುಂಬಿತು. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಕೋರಿಕೆ ಬರೆದೆ: ಇದು ಗುಣವಾಗುವ ಹಾದಿಯೆಂದು ಸಮಾಲೋಚಕರು ತಿಳಿಸಿದ್ದಾರೆ, ಮಗು ಹದಿನಾರು ತಿಂಗಳಲ್ಲಿ ಮೊದಲ ಬಾರಿಗೆ ಅತ್ತಿದೆ, ದಯವಿಟ್ಟು ವಾರಕ್ಕೆ ಎರಡು ಭೇಟಿ ಮಂಜೂರು ಮಾಡಿ. ಕಷ್ಟ ಮೊದಲು, ಕೋರಿಕೆ ಕೊನೆಗೆ. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಮುಂಬದಿಯ ಪದಗಳೆಲ್ಲ ಕಸುಬಿನಿಂದ ಬಂದವಲ್ಲ. ಭಾಗಾಕಾರ ಮಾಡ್ತಾ ಕೂತಿದ್ದೆ ಎಂಬ ಮಾತು ನನ್ನನ್ನು ಚುಚ್ಚಿತ್ತು. ಮಗಳ ಮೇಲಿನ ನನ್ನ ಸಿಟ್ಟನ್ನು ನಾನು ಟೈಪ್ ಮಾಡಿ ಸರ್ಕಾರಕ್ಕೆ ಕೊಟ್ಟೆ.

ನಾನು ಬರೆದ ಅರ್ಜಿಗಳಲ್ಲಿ ವಿಧವೆಯರದ್ದು ಆರು ವರ್ಷ, ಕುರುಡರದ್ದು ನಾಲ್ಕು ವರ್ಷ ನಿಮ್ಮ ಕಟ್ಟಡದಲ್ಲಿ ವಿಶ್ರಮಿಸಿದ ದಾಖಲೆ ಇದೆ. ಈ ಒಂದು ಹಾಳೆಗೆ ಮಾತ್ರ ನೀವು ಹನ್ನೊಂದೇ ದಿನದಲ್ಲಿ ಕ್ರಮ ಕೈಗೊಂಡಿರಿ. "ಸೇವೆಯಿಂದ ಮಕ್ಕಳ ವರ್ತನೆ ಹದಗೆಡುತ್ತಿರುವುದು ಪೋಷಕರ ಲಿಖಿತ ಹೇಳಿಕೆಯಿಂದಲೇ ದೃಢಪಟ್ಟಿರುವುದರಿಂದ" ಎಂದು ಶುರುವಾಗಿ, ನನ್ನ ವಾಕ್ಯವನ್ನು ಅಕ್ಷರಶಃ ಉಲ್ಲೇಖಿಸಿ, ಕೊಠಡಿಯನ್ನು ಮುಚ್ಚಿ ಸಮಾಲೋಚಕಿಯನ್ನು ಹಾಜರಾತಿ ಪರಿಶೀಲನೆಯ ವಿಭಾಗಕ್ಕೆ ಕಳಿಸಿದ ಆದೇಶ ಹೊರಟಿತು. ಎರಡು ಪಾಠಗಳ ನಡುವೆ, ಗಾಯದ ಹೊಲಿಗೆ ಬಿಚ್ಚಿ ಮತ್ತೆ ಹಾಕುವ ಮೊದಲೇ, ಹತ್ತೊಂಬತ್ತು ಮಕ್ಕಳನ್ನು ನೀವು ಎಬ್ಬಿಸಿ ಮನೆಗೆ ಕಳಿಸಿದಿರಿ. ಅವರಲ್ಲಿ ಎಷ್ಟು ಜನ ಸುಮ್ಮನಿದ್ದವರು ಮಾತಾಡತೊಡಗಿದ್ದರು, ಎಷ್ಟು ಜನ ಹೊಡೆಯುತ್ತಿದ್ದವರು ಹೊಡೆಯುವುದನ್ನು ಬಿಟ್ಟಿದ್ದರು ಎಂದು ಯಾರಾದರೂ ಕೇಳಿದರೇ? ಸದ್ದು ಹೆಚ್ಚಾದರೆ ರೋಗ, ಸದ್ದು ನಿಂತರೆ ಆರೋಗ್ಯ ಎಂದು ಯಾವ ವೈದ್ಯಶಾಸ್ತ್ರ ಹೇಳುತ್ತದೆ? ನಿಮ್ಮ ಅಳತೆಗೋಲಿನ ಪ್ರಕಾರ ಸ್ಮಶಾನಕ್ಕಿಂತ ಶಿಸ್ತಿನ ಜಾಗ ಇನ್ನೊಂದಿಲ್ಲ.

ಜೊತೆಗೆ ಬಂದ ಮಗಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನಿಮ್ಮ ವಿಭಾಗದ ಗುಮಾಸ್ತರ ಬಳಿ ಹೋದೆ. ಅವರು ನನ್ನನ್ನು ಬಹಳ ಗೌರವದಿಂದ ಕೂರಿಸಿದರು.

"ಎಂಥಾ ಬರವಣಿಗೆ ಸ್ವಾಮಿ ನಿಮ್ಮದು. ಇಷ್ಟು ಖಡಕ್ಕಾದ ದೂರು ನಾವು ನೋಡೇ ಇರಲಿಲ್ಲ."

"ಅದು ದೂರಲ್ಲ. ಹಿಂದಗಡೆ ತಿರುಗಿಸಿ ನೋಡಿ."

"ಹಿಂದಗಡೆ ನಾವು ನೋಡೋದಿಲ್ಲ. ನಮೂನೆ ಇರೋದು ಮುಂದಗಡೆ ಮಾತ್ರ. ಹಿಂದೆ ಬರೆದದ್ದು ನಮೂನೆಗೆ ಸೇರಿದ್ದಲ್ಲ."

"ಹಾಗಾದರೆ ಈಗ ಹೊಸದಾಗಿ ಬರೆದುಕೊಡ್ತೀನಿ."

"ಒಂದು ಮಗುವಿಗೆ ಒಂದೇ ಅಭಿಪ್ರಾಯ, ಸ್ವಾಮಿ. ನೀವು ಕೊಟ್ಟಾಯ್ತಲ್ಲ."

ಕೆಳಗೆ ಬರುವ ದಾರಿಯಲ್ಲಿ ಮಗಳನ್ನು ಕರೆದುಕೊಂಡು ಮೂರನೆಯ ಮಹಡಿಗೆ ಹೋದೆ, ಚಾಪೆ ಆಂಟಿಗೆ ಕೊನೆಯ ಸಲ ಒಂದು ಮಾತು ಹೇಳಿಹೋಗೋಣ ಎಂದು. ಅವರು ಆಗಲೇ ಹೋಗಿಯಾಗಿತ್ತು. ಬೀಗದ ಮೇಲ್ಗಡೆ ನಿಮ್ಮ ಆದೇಶವನ್ನು ಅಂಟಿಸಿದ್ದರು, ನನ್ನ ವಾಕ್ಯದ ಕೆಳಗೆ ಯಾರೋ ಶ್ರದ್ಧೆಯಿಂದ ಗೆರೆ ಎಳೆದಿದ್ದರು. ಮಗಳು ನಿಂತು ಪೂರ್ತಿ ಓದಿದಳು. "ಭಗ್ನ ಅಂದ್ರೆ ಏನಪ್ಪ?" ಎಂದಳು. ಒಡೆದುಹೋಗುವುದು ಎಂದೆ. "ನೀನೇ ಬರೆದದ್ದಾ?" ಎಂದಳು. ಹೌದು ಎಂದೆ. ಅವಳು ತಿರುಗಿ ಮೆಟ್ಟಿಲಿಳಿದಳು. ಹಿಂಬದಿಯಲ್ಲಿ ಏನಿತ್ತೆಂದು ಮನೆಯವರೆಗೂ ಹೇಳುತ್ತಲೇ ಬಂದೆ, ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು.

ಅದಾಗಿ ನಾಲ್ಕು ತಿಂಗಳು. ಮನೆ ತುಂಬ ಶಾಂತವಾಗಿದೆ, ತಾವು ಸಂತೋಷಪಡಬಹುದು. ಎಡಗಡೆಯ ಹುಬ್ಬೂ ಈಗ ಹೋಗುತ್ತಿದೆ. ಈ ಪ್ರಗತಿಯನ್ನು ಗಮನಿಸಿದಂತೆ, ಕಳೆದ ವಾರ ತಾವು ಶಾಲೆಗಳಲ್ಲಿ ಹಮ್ಮಿಕೊಂಡ ಸಂಯಮ ಸಪ್ತಾಹದಲ್ಲಿ ನನ್ನ ಮಗಳಿಗೆ "ಶಾಂತ ಮಗು" ಎಂಬ ಪ್ರಶಸ್ತಿಪತ್ರ ಬಂದಿದೆ. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಕೆಳಗೆ ಸ್ವತಃ ತಮ್ಮ ಸಹಿ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಕೊಠಡಿಯಲ್ಲಿ ಈಗ ತುಂಬಿಸಿಟ್ಟಿರುವ ಕಚೇರಿಯ ಮುರುಕು ಕುರ್ಚಿಗಳನ್ನು ತೆಗೆಸಿ. ಸಮಾಲೋಚಕಿಯನ್ನು ಹಾಜರಾತಿ ಪುಸ್ತಕಗಳಿಂದ ಬಿಡಿಸಿ ಮಕ್ಕಳ ಬಳಿಗೆ ಕಳಿಸಿ. ಹತ್ತೊಂಬತ್ತು ಮಕ್ಕಳಿಗೂ ಎರಡನೆಯ ಪಾಠ ಮುಗಿಯುವವರೆಗೆ ಕಾಲ ಕೊಡಿ, ಅದು ಎಷ್ಟು ವಾರವೆಂದು ಗುಮಾಸ್ತರನ್ನಲ್ಲ, ಆಕೆಯನ್ನು ಕೇಳಿ. ನನ್ನ ವಾಕ್ಯವನ್ನು ನಿಮ್ಮ ಆದೇಶದಿಂದ ಹೊಡೆದುಹಾಕಿ, ಆ ಕುರಿತು ಒಂದು ಸಾಲನ್ನು ನನ್ನ ಮಗಳ ಹೆಸರಿಗೆ ಬರೆದು ಕಳಿಸಿ. ನನಗೆ ಕಳಿಸಬೇಡಿ, ನನ್ನ ಮಾತನ್ನು ಅವಳು ಈಗ ನಂಬುವುದಿಲ್ಲ.

ಹೀಗೆ ಅವಸರಪಡಿಸುವುದಕ್ಕೆ ಕಾರಣವಿದೆ. ಪ್ರಶಸ್ತಿಪತ್ರ ಬಂದ ದಿನ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಮಡಿಕೆ ಬೀಳದಂತೆ ಕಪಾಟಿನಲ್ಲಿಟ್ಟಳು. ಹರಿದು ಎಸೆಯಲಿ, ನನ್ನ ಮುಖಕ್ಕೇ ಎಸೆಯಲಿ ಎಂದು ನಾನು ಕಾಯುತ್ತಿದ್ದೆ. ತಡೆಯಲಾರದೆ ಕೇಳಿಯೇಬಿಟ್ಟೆ, "ನಿನಗೆ ಸಿಟ್ಟು ಬರಲಿಲ್ವಾ ಮಗಳೇ?"

"ಬೇಡ ಅಪ್ಪ" ಎಂದಳು. "ಸಿಟ್ಟು ಬಂದರೆ ನೀನು ಬರೆದುಬಿಡ್ತೀಯ."

ಇಂತಿ,
ಬರೆಯಬಾರದ್ದನ್ನು ಚೆನ್ನಾಗಿ ಬರೆದು ಕೆಟ್ಟ,
ನಿಮ್ಮ ಗೇಟಿನ ಎಡಗಡೆಯ ಅರ್ಜಿ ಬರಹಗಾರ