ಎರಡು ಡಬ್ಬಿ ಉಗುಳು

೯ ಡಿಸೆಂಬರ್, ಮಂಗಳವಾರ. ಚಿಂಚವಾಡ.

ಸಿಟ್ಟು ಇನ್ನೂ ಇಳಿದಿಲ್ಲ. ಯಜಮಾನರ ಕೆಮ್ಮಿಗೆ ಇಂದಿಗೆ ಎರಡು ತಿಂಗಳು. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಮೇಲೆ ಮಬ್ಬು ಕಲೆ ಇದೆ. ಅದು ನ್ಯುಮೋನಿಯಾವೋ ಟಿಬಿಯೋ, ಕಫ ನೋಡದೆ ಹೇಳಲಾಗದು ಎಂದಿದ್ದರು ಡಾಕ್ಟರು. ಒಮ್ಮೆ ಕೊಟ್ಟಾಗ ಏನೂ ಸಿಗಲಿಲ್ಲ. ಎರಡು ಬಗೆಯ ಆ್ಯಂಟಿಬಯೋಟಿಕ್ ನುಂಗಿದರೂ ಸಂಜೆಯ ಜ್ವರ ತಪ್ಪಲಿಲ್ಲ. ನಾನು ಲ್ಯಾಬಿನವರನ್ನೇ ಬೈದುಕೊಂಡಿದ್ದೆ.

ಇವತ್ತು ಮತ್ತೆ ಕೊಟ್ಟೆವು. ಲ್ಯಾಬಿನವಳು ಡಬ್ಬಿಯನ್ನು ಬೆಳಕಿಗೆ ಹಿಡಿದು, ಇದು ಕಫವಲ್ಲ, ಬರೀ ಉಗುಳು, ಹಿಂದಿನ ಸಲವೂ ಹೀಗೇ ಇತ್ತು ಎಂದು ಮರಾಠಿಯಲ್ಲಿ ಗದರಿದಳು. ಇವರು ತಲೆ ಎತ್ತಲಿಲ್ಲ.

ರಿಕ್ಷಾದಲ್ಲಿ ಕೇಳಿದೆ. "ಬೇಕಂತ ಮಾಡೀರೇನ್ರಿ?"

"ಹೂಂ. ಟಿಬಿ ಅಂತ ಬಂದ್ರ ಫ್ಯಾಕ್ಟರಿಯೊಳಗ ಯಾರೂ ಬಾಜೂಕ ಕುಂತು ಉಣ್ಣಂಗಿಲ್ಲ, ಸಪ್ನಾ. ನಮ್ಮ ಜೋಡಿ ಕೆಲಸ ಮಾಡೋ ಶಿವಪ್ರಕಾಶಗ ಟಿಬಿ ಬಂದಾಗ ಹಂಗ ಮಾಡಿದ್ರು. ನಾನೂ ಎದ್ದು ಹೋಗಿದ್ದೆ."

"ಮನ್ಯಾಗ ಕೂಸು ನಿಮ್ಮ ಬಗಲಾಗ ಮಲಗ್ತದಲ್ರಿ!"

ಕಣ್ಣು ಒರೆಸಿಕೊಂಡರು. ನನಗೆ ಕನಿಕರ ಬರಲಿಲ್ಲ, ಬರಬೇಕಿತ್ತೇನೋ. ಔಷಧಿ ಇರುವ ಕಾಯಿಲೆಗೆ ಹೆದರಿ ಎರಡು ತಿಂಗಳು ಕಳೆದರಲ್ಲ!

ಊಟವಾದ ಮೇಲೆ ತಾವೇ ದಿಂಬು ಎತ್ತಿಕೊಂಡು ಒಳಕೋಣೆಗೆ ಹೋದರು. "ನಾಳೆ ನಸುಕಿನ್ಯಾಗ ಎಬ್ಬಸು. ಎದಿಯಿಂದ ಕೆಮ್ಮಿ ಖರೇನ ಕಫ ಕೊಡ್ತೀನಿ" ಎಂದು ಚಿಲಕ ಹಾಕಿಕೊಂಡರು.

ಮಗಳು ಬಾಗಿಲು ಬಡಿದು "ಅಪ್ಪಾ, ಅಪ್ಪಾ" ಎಂದು ಅತ್ತು ಅಲ್ಲೇ ನಿದ್ದೆಹೋದಳು. ಅವರು ತೆರೆಯಲಿಲ್ಲ. ಇದೇ ಬಾಗಿಲನ್ನು ಎರಡು ತಿಂಗಳ ಹಿಂದೆ ಹಾಕಿಕೊಂಡಿದ್ದರೆ ಕೂಸಿಗೂ ತಗುಲಿತೋ ಎಂಬ ಭಯ ಇವತ್ತು ನನಗಿರುತ್ತಿರಲಿಲ್ಲ.