ಕೊಡೆ ಹಾಡಿನ ಉಹೂಂ

ಮಂಗಳವಾರ, ಮಧ್ಯಾಹ್ನ

ನನ್ನ ಗುಂಡನಿಗೆ,

ಅಮ್ಮನ ಆಶೀರ್ವಾದ. ಜೊತೆಗೆ ಒಂದಿಷ್ಟು ಬೈಗುಳವೂ ಇದೆ, ಅದು ಮುಂದೆ ಬರುತ್ತದೆ.

ನಿನ್ನ ಉದ್ದನೆಯ ಮೆಸೇಜು ಬಂದು ವಾರದ ಮೇಲಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಅಮ್ಮಾ, ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು" ಎಂದು ನಕ್ಕು ಹಾರಿಸಿಬಿಡುತ್ತೀಯ. ಅಷ್ಟರಲ್ಲಿ ನಿಮ್ಮಪ್ಪ ನನ್ನ ಕೈಯಿಂದ ಫೋನು ಕಿತ್ತುಕೊಂಡು "ಬಿಡಬೇಡ ಮಗನೆ!" ಎನ್ನುತ್ತಾರೆ. ಕಾಗದದಲ್ಲಾದರೆ ಯಾರೂ ನಡುವೆ ಬಾಯಿ ಹಾಕಲಾರರು. ಇದನ್ನು ಕೊರಿಯರ್‌ಗೆ ಕೊಡುತ್ತಿದ್ದೇನೆ, ಗುರುವಾರ ನಿನ್ನ ಕೈ ಸೇರುತ್ತದಂತೆ.

ಇಲ್ಲಿ ಎಲ್ಲ ಕ್ಷೇಮ. ನನ್ನ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ನೆನಪಾಗುತ್ತದೆ. ನಿಮ್ಮಪ್ಪ ಮ್ಯಾಂಡೊಲಿನ್‌ಗೆ ಹೊಸ ತಂತಿ ಹಾಕಿಸಿಕೊಂಡು ಬಂದವರು ಅಂದಿನಿಂದ ಶ್ರುತಿ ಮಾಡುತ್ತಲೇ ಇದ್ದಾರೆ, ನುಡಿಸುವ ಲಕ್ಷಣ ಕಾಣುತ್ತಿಲ್ಲ. ಮೇಲಿನ ಮನೆಯಾಕೆ ಇಳಿದು ಬಂದು, "ನಿಮ್ಮನೇಲಿ ಏನೋ ರಿಪೇರಿ ನಡೀತಿದೆಯಾ?" ಎಂದು ಕೇಳಿ ಹೋದಳು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಕೆಲಸ ಮಾಡುವ ಹಲ್ಲಿನ ಲ್ಯಾಬಿನ ಎದುರಿಗೆ ಕನ್ನಡಕದ ಅಂಗಡಿ. ಅಲ್ಲಿ ಗಾಜು ಕೂರಿಸುವ ಹುಡುಗಿಯ ಮೇಲೆ ನಿನಗೆ ಮನಸ್ಸಾಗಿದೆ. ಸಂತೋಷ. ನೆಟ್ಟಗಿರುವ ಕಣ್ಣನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ, ಬೇಡದ ಕನ್ನಡಕ ಕೊಂಡು, ಅದರ ಕಡ್ಡಿ ಸಡಿಲವಾಯಿತೆಂದು ಮತ್ತೆ ಹೋಗಿ, ಕೊನೆಗೊಂದು ದಿನ ಬಾಯಿ ಬಿಟ್ಟೆ. ಅವಳು "ಉಹೂಂ, ಬೇಡ. ದಯವಿಟ್ಟು ಇನ್ನು ಈ ವಿಷಯಕ್ಕೆ ಬರಬೇಡಿ" ಅಂದಳು. ನೀನು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ನನಗೆ ಬರೆದೆ: "ಅಮ್ಮಾ, ಥೇಟ್ ನಿನ್ನ ಹಾಡಿನ ಥರಾನೇ ಉಹೂಂ ಅಂದ್ಲು!" ಅದನ್ನು ಓದಿ ನಾನು ಫೋನನ್ನು ಬೋರಲು ಇಟ್ಟುಬಿಟ್ಟೆ.

ಅದರ ಕೆಳಗೆ ಈ ಬರುವ ಶನಿವಾರದ ಯೋಜನೆ. ಅಂಗಡಿ ಮುಚ್ಚುವ ಹೊತ್ತಿಗೆ ನೀನು ಗೆಳೆಯರ ದಂಡು ಕಟ್ಟಿಕೊಂಡು, ಸ್ಪೀಕರ್ ಇಟ್ಟು, ಕೊಡೆ ಹಿಡಿದು, ಕೊಡೆ ಹಾಡು ಹಾಡುತ್ತೀಯ. ಒಬ್ಬ ವಿಡಿಯೋ ಮಾಡುತ್ತಾನೆ. ನಾನು ಇಲ್ಲಿಂದ ಫೋನಿನಲ್ಲಿ ಉಹೂಂ ಎನ್ನಬೇಕು, ಕೊನೆಗೆ ಹೂಂ ಎನ್ನಬೇಕು. ಅವಳು ಕರಗಿ ನೀರಾಗುತ್ತಾಳೆ. ನಿಮ್ಮಪ್ಪ ಇದನ್ನು ಓದಿ ತೊಡೆ ತಟ್ಟಿ "ಭಲೇ!" ಅಂದರು.

ನಾನು ಆ ಹೂಂ ಅನ್ನುವುದಿಲ್ಲ. ಫೋನಿನಲ್ಲಿಯೂ ಇಲ್ಲ, ಬೇರೆಲ್ಲಿಯೂ ಇಲ್ಲ. ಮೊದಲು ಅಷ್ಟು ಹೇಳಿ ಉಳಿದದ್ದನ್ನು ಬರೆಯುತ್ತೇನೆ.

ಕೊಡೆ ಹಾಡನ್ನು ನೀನು ತೊಟ್ಟಿಲಿನಿಂದ ಕೇಳಿದ್ದೀಯ. ಹೀರೋ ಮಳೆಯಲ್ಲಿ ಕೊಡೆ ಹಿಡಿದು ಹುಡುಗಿಯ ಹಿಂದೆ ಹೋಗುತ್ತಾನೆ, ಪ್ರತಿ ಚರಣದ ಕೊನೆಗೆ "ಬರ್ತೀಯಾ?" ಎನ್ನುತ್ತಾನೆ. ಮೂರು ಸಲ ಉಹೂಂ, ನಾಲ್ಕನೆಯ ಸಲ ಹೂಂ. ಇಡೀ ಹಾಡಿನಲ್ಲಿ ಹೆಣ್ಣಿಗೆ ಇರುವುದು ಅಷ್ಟೇ. ಆ ದನಿ ನಿನ್ನಮ್ಮನದು, ಮ್ಯಾಂಡೊಲಿನ್ ನಿನ್ನಪ್ಪನದು. ಮನೆಗೆ ಯಾರೇ ಬರಲಿ, ನಿಮ್ಮಪ್ಪ ಆ ಕಥೆ ಹೇಳದೆ ಕಳಿಸುವುದಿಲ್ಲ: "ಹಾಡಲ್ಲಿ ಹೀರೋ ಕೇಳ್ದ, ಸ್ಟುಡಿಯೋದಲ್ಲಿ ನಾನು ಕೇಳ್ದೆ. ಇಬ್ರಿಗೂ ಒಂದೇ ಉತ್ತರ ಸಿಕ್ತು!" ಹಾಡಿದ್ದೇ ಹಾಡೋ ಕಿಸುಬಾಯಿ ದಾಸ. ನೀನು ಆ ಕಥೆ ತಿಂದೇ ಬೆಳೆದವನು, ಪಾಪ ನಿನ್ನದೇನು ತಪ್ಪು.

ನಾನು ಕೋರಸ್‌ನಲ್ಲಿ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವಳು. ಗಂಡಸಿನ ಪ್ರೇಮಗೀತೆಯನ್ನು ನಾನು ಬೆನ್ನ ಕಡೆಯಿಂದ ನೋಡಿದ್ದೇನೆ. ಮುಂದಿನ ಮೈಕಿನಲ್ಲಿ ಆತ ಸಾಯುತ್ತೇನೆ ಎನ್ನುತ್ತಾನೆ, ಹಿಂದೆ ನಾವು ಆರು ಜನ ಹೆಂಗಸರು "ಆ ಆ" ಎನ್ನುತ್ತೇವೆ. ಅವನು ಸಾಯುವುದಕ್ಕೆ ನಮ್ಮ ಒಪ್ಪಿಗೆ ಇದೆ ಎಂದು ಕೇಳುವವರಿಗೆ ಅನ್ನಿಸಬೇಕು. ಟೇಕ್ ಮುಗಿದ ಕೂಡಲೇ ಸತ್ತವನು ಎದ್ದು "ಟೀ ಬಂತಾ?" ಎನ್ನುತ್ತಾನೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ದಪ್ಪಕ್ಕ ಯಾವಾಗಲೂ ಕಿವಿಯಲ್ಲಿ ಹೇಳುತ್ತಿದ್ದಳು, "ಇವತ್ತು ನಮ್ಮನ್ನ ಏನು ಮಾಡ್ತಾರೋ, ಚಂದ್ರನೋ ಬಳ್ಳಿನೋ?" ನಾವು ಚಂದ್ರ ಆಗಿದ್ದೇವೆ, ಬಳ್ಳಿ ಆಗಿದ್ದೇವೆ, ಜಿಂಕೆ, ಮಿಂಚು, ವೀಣೆ ಎಲ್ಲ ಆಗಿದ್ದೇವೆ. ಯಾವ ಹಾಡಿನಲ್ಲೂ ಯಾವ ಗಂಡಸೂ "ಬಸ್ಸು ಸಿಕ್ತಾ? ಊಟ ಆಯ್ತಾ?" ಎಂದು ಕೇಳಲಿಲ್ಲ.

ಪದ್ಯದ ಪುಸ್ತಕಗಳೂ ಹಾಗೇ. ಕಾಯುವ ಕೆಲಸ ಜಾಸ್ತಿ ಇದ್ದಾಗ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಎಷ್ಟೋ ಓದಿದೆ. ಕವಿ ತನ್ನ ವಿರಹವನ್ನು ಮೋಡಕ್ಕೆ ಹೇಳುತ್ತಾನೆ, ಗಾಳಿಗೆ ಹೇಳುತ್ತಾನೆ, ಕಿಟಕಿ ಮೇಲಿನ ಹಕ್ಕಿಗೂ ಬಿಡದೆ ಹೇಳುತ್ತಾನೆ. ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತು. ಸುಳ್ಳು ಯಾಕೆ ಹೇಳಲಿ, ಚೆಂದವಾಗಿರುತ್ತದೆ. ಕೆಲವನ್ನು ಓದುವಾಗ ನನ್ನ ಕಣ್ಣಲ್ಲೂ ನೀರು ಬಂದಿದೆ, ಪುಟ ಮಡಿಸಿ ಇಟ್ಟುಕೊಂಡಿದ್ದೇನೆ. ಆ ಹಾಡುಗಳಿಂದಲೇ ನಮ್ಮ ಮನೆಯ ಒಲೆ ಉರಿದಿದೆ, ನಿನ್ನ ಸ್ಕೂಲ್ ಫೀಜು ಕಟ್ಟಿದ್ದೇವೆ. ನಾನು ಹಾಡಿನ ಮೇಲೆ ಹಗೆ ಸಾಧಿಸುತ್ತಿಲ್ಲ.

ಆದರೆ ನಿನ್ನ ಹಾಡು ಓದಿದೆ. ನೀನೇ ಬರೆದು ಕಳಿಸಿದ್ದೆಯಲ್ಲ, ಅವಳ ಕಣ್ಣಿನ ಬಗ್ಗೆ. ಒಂದು ಕಡೆ ಕೊಳ, ಒಂದು ಕಡೆ ದೀಪ, ಇನ್ನೊಂದು ಕಡೆ ಬಾಣ. ಕನ್ನಡಕದ ಅಂಗಡಿಯಲ್ಲಿ ದುಡಿಯುವ ಹುಡುಗಿ ತಾನೇ ಕನ್ನಡಕ ಹಾಕುತ್ತಾಳೋ ಇಲ್ಲವೋ ಎಂಬುದು ಮಾತ್ರ ಎಲ್ಲೂ ಇಲ್ಲ. ಅವಳ ಮನೆಯಲ್ಲಿ ಯಾರಿದ್ದಾರೆ? ದಿನವಿಡೀ ಗಾಜು ಉಜ್ಜಿ ಅವಳ ಬೆರಳು ನೋಯುತ್ತದಾ? ನಿನಗೆ ಗೊತ್ತಿಲ್ಲ. ಅವಳಾಗಿ ಬಾಯಿಬಿಟ್ಟು ತನ್ನ ಬಗ್ಗೆ ನಿನಗೆ ಹೇಳಿದ್ದು ಒಂದೇ ಒಂದು ವಿಷಯ, ಬೇಡ ಅಂತ. ಆ ಒಂದನ್ನೂ ನೀನು ನಂಬಲಿಲ್ಲ.

ಇನ್ನೂ ಒಂದು ನೋಡು. ಅವಳು ನಿನಗೆ "ಬರಬೇಡಿ" ಅಂದಳು, ಬಹುವಚನ. ನಿನ್ನ ಹಾಡಿನ ತುಂಬ "ನೀನು", "ನಿನ್ನ", "ಬಾರೆ". ಯಾವಾಗ ಇಳಿದೆಯೋ ಏಕವಚನಕ್ಕೆ? ಅವಳು ಯಾವಾಗ ಇಳಿಸಿದಳು? ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿಗೆ "ಸ್ವಲ್ಪ ಸರ್ಕೊಳ್ಳೇ" ಅಂದು ನೋಡು, ಚಪ್ಪಲಿ ಕೈಗೆ ಬರುತ್ತದೆ. ರಾಗ ಹಾಕಿದರೆ ಮಾತ್ರ ನಡೆಯುತ್ತದಾ?

ನಿನ್ನ ಕೆಲಸದಲ್ಲಿ ನೀನು ಎಷ್ಟು ಜಾಣ! ಹಲ್ಲಿನ ಸೆಟ್ಟು ಒತ್ತುತ್ತದೆ ಎಂದು ಒಬ್ಬ ಅಜ್ಜಿ ಹೇಳಿದರೆ ಸುಮ್ಮನೆ ತೆಗೆದುಕೊಂಡು ಎಲ್ಲಿ ಒತ್ತುತ್ತದೆ ಎಂದು ನೋಡಿ ಉಜ್ಜುತ್ತೀಯ. "ಇಲ್ಲ ಅಜ್ಜಿ, ಒತ್ತಲ್ಲ, ನೀವು ನಾಚ್ಕೊಂಡು ಹಾಗಂತಿದ್ದೀರಿ" ಅನ್ನುತ್ತೀಯಾ? ಒಂದು ಹಲ್ಲಿಗೆ ಕೊಡುವ ಮರ್ಯಾದೆಯನ್ನು ಆ ಹುಡುಗಿಯ ಮಾತಿಗೆ ಕೊಡು. ಮೌನಂ ಸಮ್ಮತಿ ಲಕ್ಷಣಂ ಎಂದು ದೊಡ್ಡವರು ಹೇಳಿಟ್ಟಿದ್ದಾರೆ. ಸುಮ್ಮನಿದ್ದರೂ ಒಪ್ಪಿಗೆ, ಬೇಡ ಅಂದರೂ ಒಪ್ಪಿಗೆ ಆದರೆ ಹೆಣ್ಣು ಏನು ಹೇಳಿ ತಪ್ಪಿಸಿಕೊಳ್ಳಬೇಕು?

ತಡವಾದದ್ದಕ್ಕೆ ಇನ್ನೊಂದು ಕಾರಣವಿದೆ, ಅದನ್ನೂ ಹೇಳಿಬಿಡುತ್ತೇನೆ. ಕೊಡೆ ಹಾಡನ್ನು ಈಗ ಹೊಸದಾಗಿ ಮಾಡುತ್ತಿದ್ದಾರೆ. ಜುಟ್ಟು ಕಟ್ಟಿದ ಒಬ್ಬ ಹುಡುಗ ಸಂಗೀತ ಮಾಡುವವನು, ಮನೆ ಹುಡುಕಿಕೊಂಡು ಬಂದು "ಮೇಡಂ, ಆ ಉಹೂಂ ನಿಮ್ಮ ದನೀಲೇ ಬೇಕು" ಅಂದ. ನಿಮ್ಮಪ್ಪ ಕುಣಿದಾಡಿದರು. ಮೊನ್ನೆ ಶುಕ್ರವಾರ ಹೋದೆ. ಈಗಿನ ಸ್ಟುಡಿಯೋ ಒಂದು ಮಲಗುವ ಕೋಣೆಯಷ್ಟಿದೆ, ವಾದ್ಯದವರು ಒಬ್ಬರೂ ಇಲ್ಲ, ಎಲ್ಲ ಕಂಪ್ಯೂಟರಿನ ಒಳಗೇ. ಹಾಡುವ ಹುಡುಗ ಹೆಡ್‌ಫೋನ್ ತೆಗೆದು "ನೀವೇನಾ ಅದು!" ಎಂದು ಫೋಟೋ ತೆಗೆಸಿಕೊಂಡ. ಒಳ್ಳೆಯ ಮಕ್ಕಳು. ಗಾಜಿನಾಚೆ ನಿಂತು ನಾನು ಮೊದಲ ಉಹೂಂ ಅಂದೆ, ಎರಡನೆಯದು, ಮೂರನೆಯದು. ನಾಲ್ಕನೆಯದೂ ಉಹೂಂ ಅಂದೆ.

"ಮೇಡಂ, ಲಾಸ್ಟ್‌ದು ಹೂಂ," ಅಂದ ಜುಟ್ಟಿನವನು.

"ಲಾಸ್ಟ್‌ದೂ ಉಹೂಂನೇ ಕಣಪ್ಪ."

"ಅಯ್ಯೋ, ಹಾಗಾದ್ರೆ ಹೀರೋ ಏನ್ ಮಾಡ್ಬೇಕು?"

"ಕೊಡೆ ಹಿಡ್ಕೊಂಡು ಮನೆಗೆ ಹೋಗ್ಲಿ. ಮಳೆ ಬರ್ತಿದೆಯಲ್ಲ."

ರೆಕಾರ್ಡ್ ಮಾಡುವವನು ಕಿಸಕ್ಕನೆ ನಕ್ಕ. ಜುಟ್ಟಿನವನು ನಗಲಿಲ್ಲ, ಪಾಪ, ತುಂಬ ತಾಳ್ಮೆಯಿಂದ ಹೇಳಿದ, "ಹೂಂ ಇಲ್ದಿದ್ರೆ ಹಾಡು ಮುಗಿಯೋದೇ ಇಲ್ಲ ಮೇಡಂ."

"ಮುಗಿಯುತ್ತಪ್ಪ. ಮೊದಲ್ನೇ ಚರಣಕ್ಕೇ ಮುಗಿಯುತ್ತೆ."

ಸಂಜೆವರೆಗೂ ಒಪ್ಪಿಸಲು ನೋಡಿದರು. ಕೊನೆಗೆ "ಹೋಗ್ಲಿ ಬಿಡಿ, ಆ ಹೂಂ ಒಂದನ್ನ ಹಳೇ ಟೇಪಿಂದ ಎತ್ಕೋತೀವಿ" ಅಂದ. "ಎತ್ಕೊಳ್ಳಿ. ನನ್ನ ಬಾಯಿಂದ ಬರಲ್ಲ" ಎಂದು ಬ್ಯಾಗು ತೆಗೆದುಕೊಂಡು ಬಂದೆ. ನಿಮ್ಮಪ್ಪ ಎರಡು ದಿನ ಮಾತು ಬಿಟ್ಟರು. ನಿನ್ನೆಯಿಂದ ಮತ್ತೆ ಶುರುವಾಗಿದೆ, ಆದರೆ ಮ್ಯಾಂಡೊಲಿನ್ ಜೊತೆ.

ಈಗ ನನ್ನ ತೀರ್ಮಾನ ಕೇಳು. ಶನಿವಾರ ನೀನು ಹಾಡುವುದಿಲ್ಲ. ಇವತ್ತೇ ಗೆಳೆಯರಿಗೆ ಹೇಳಿ ದಂಡನ್ನು ಚದುರಿಸು. ಅವಳ ಅಂಗಡಿಯಲ್ಲಿ ಕೊಂಡ ಕನ್ನಡಕ ಸಡಿಲವಾದರೆ ಬೇರೆ ಬೀದಿಯಲ್ಲಿ ಸರಿಮಾಡಿಸು. ಎದುರಿಗೆ ಸಿಕ್ಕರೆ ಸಹಜವಾಗಿ ದಾರಿ ಬಿಟ್ಟು ನಡೆ. ಮುಖ ಸೊಟ್ಟ ಮಾಡಿಕೊಂಡು ಓಡಾಡಿ ಅವಳಿಗೆ ಪಾಪ ಸುತ್ತಬೇಡ, ಅದೂ ಒಂದು ಹಾಡೇ. ಹುಚ್ಚು ಹಿಡಿದದ್ದು ತಪ್ಪಲ್ಲ ಮಗನೆ. ಬಚ್ಚಲಲ್ಲಿ ಹಾಡು, ದಿಂಬಿಗೆ ಮುಖ ಕೊಟ್ಟು ಅಳು, ರಜೆ ಹಾಕಿ ಮನೆಗೆ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗು. ಅಷ್ಟು ದೊಡ್ಡ ಪ್ರೀತಿಯನ್ನು ಹೊರುವ ಕೆಲಸ ನಿನ್ನದು, ಅದನ್ನು ಅವಳ ತಲೆಗೆ ಕಟ್ಟಬೇಡ.

ಇಷ್ಟು ಹೇಳಿದರೂ ಕೇಳುವುದಿಲ್ಲ ಎಂದಾದರೆ ತಿಳಿದಿರಲಿ, ಶನಿವಾರ ಬೆಳಗಿನ ಬಸ್ಸಿಗೆ ನಾನು ಟಿಕೆಟ್ ಮಾಡಿಸಿ ಆಗಿದೆ. ಸಂಜೆ ಆ ಅಂಗಡಿಯ ಮೆಟ್ಟಿಲ ಮೇಲೆ ನಾನು ಇರುತ್ತೇನೆ. ನೀನು ಕೊಡೆ ಬಿಚ್ಚಿದರೆ ನಿನ್ನ ಗೆಳೆಯನ ವಿಡಿಯೋದಲ್ಲಿ ಮೊದಲು ಬೀಳುವುದು ನನ್ನ ಮುಖ. ಜೀವಮಾನದಲ್ಲಿ ನನಗೆ ಮುಂದಿನ ಮೈಕು ಸಿಕ್ಕಿಲ್ಲ, ಅವತ್ತು ಸಿಕ್ಕೇ ಸಿಗುತ್ತದೆ. ಕೊಡೆ ಬಿಚ್ಚದಿದ್ದರೆ ಇಬ್ಬರೂ ಎಲ್ಲಾದರೂ ಊಟ ಮಾಡಿ ಬರೋಣ.

ಹೊತ್ತಿಗೆ ಸರಿಯಾಗಿ ತಿನ್ನು. ಲ್ಯಾಬಿನ ಪುಡಿ ಮೂಗಿಗೆ ಹೋಗದ ಹಾಗೆ ಬಟ್ಟೆ ಕಟ್ಟಿಕೋ. ನಿನಗೆ ಒಳ್ಳೆಯದಾಗಲಿ, ನಿನ್ನಿಂದ ಇನ್ನೊಬ್ಬರಿಗೂ ಒಳ್ಳೆಯದಾಗಲಿ.

ಇಂತು,
ನಿನ್ನ ಅಮ್ಮ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು: ಲಕೋಟೆ ಅಂಟಿಸಲು ಕೂತವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಬರೀ ಉಪದೇಶ.

ಆ ಹಾಡಿನಲ್ಲಿ ಹೆಣ್ಣಿನ ದನಿಯೇ ಇರಲಿಲ್ಲ ಗುಂಡಾ. ಹೀರೋ ಕೇಳುವ ಪ್ರಶ್ನೆಗೆ ನಿಮ್ಮಪ್ಪನ ಮ್ಯಾಂಡೊಲಿನ್ ಉತ್ತರ ಕೊಡಬೇಕಿತ್ತು. ನಾನು ಬೇರೆ ಹಾಡಿನ ಕೋರಸ್‌ಗೆ ಬಂದು ಮೈಕಿನ ಪಕ್ಕ ಕಾಯುತ್ತಿದ್ದೆ. ನಿಮ್ಮಪ್ಪ ಎಲ್ಲರೆದುರಿಗೆ, ನಗುತ್ತಾ, "ನನ್ನ ಮದುವೆ ಆಗ್ತೀಯಾ?" ಅಂದರು. ವಾದ್ಯದವರೆಲ್ಲ ತಿರುಗಿ ನೋಡಿದರು. ನಾನು ಉಹೂಂ ಅಂದೆ. ಒಂದೇ ಸಲ, ಮನಸಾರೆ ಅಂದೆ. ಟೇಪು ಓಡುತ್ತಿತ್ತು. ಸಂಗೀತದ ಮೇಷ್ಟ್ರು "ಆಹಾ, ಎಂಥಾ ನಾಚಿಕೆ!" ಎಂದು ಅದನ್ನೇ ಕಾಪಿ ಮಾಡಿಸಿ ಮೂರು ಕಡೆ ಅಂಟಿಸಿದರು. ಕೊನೆಗೆ ಒಂದು ಹೂಂ ಬೇಕಾಯಿತು. ನಾನು ಅಷ್ಟೊತ್ತಿಗೆ ಮನೆಗೆ ಹೊರಟುಹೋಗಿದ್ದೆ. ಅದೇ ಉಹೂಂ ತೆಗೆದುಕೊಂಡು, ಬ್ಲೇಡಿನಿಂದ ಉ ಕತ್ತರಿಸಿ ಬಿಸಾಡಿದರು. ಉಳಿದದ್ದು ಹೂಂ.

ಹಾಡು ರೇಡಿಯೋದಲ್ಲಿ ಬಂತು, ಬೀದಿಬೀದಿಯಲ್ಲಿ ಬಂತು. ನಿಮ್ಮಪ್ಪ ಹೆಣ್ಣು ಕೇಳಲು ಮನೆಗೆ ಬಂದಾಗ ನಾನು ಬೇಡ ಅಂದೆ. "ಊರಿಗೆಲ್ಲ ಕೇಳೋ ಹಾಗೆ ಹೂಂ ಅಂದೋಳು, ಈಗೇನು ನಾಟಕ?" ಅಂದ ನಮ್ಮಣ್ಣ. ನಮ್ಮಮ್ಮನೂ ನಕ್ಕಳು. ಆಮೇಲೆ ನಿಮ್ಮಪ್ಪ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಇಲ್ಲವೆನ್ನಲಾರೆ. ನಿನ್ನನ್ನು ಹೆತ್ತದ್ದಕ್ಕೆ ಒಂದು ದಿನವೂ ನನಗೆ ಬೇಸರವಾಗಿಲ್ಲ. ಆದರೆ ಆ ಹೂಂ ನಾನು ಯಾವತ್ತೂ ಹೇಳಿಲ್ಲ.

ಆ ಹುಡುಗಿಯ ಉಹೂಂ ಇನ್ನೂ ಪೂರ್ತಿಯಾಗಿದೆ. ಅದಕ್ಕೆ ಬ್ಲೇಡು ಹಾಕಬೇಡ.